ಒಬ್ಬಳೇ ಮೀಯಲು ಒಂದು ಮಣೆ

ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೀಯುವವಳು ಅಮ್ಮ. ಸ್ಟೀಲಿನ ಚೊಂಬು ಹಿಡಿದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿದಳೆಂದರೆ ಮತ್ತೆ ಅವಳನ್ನು ಯಾರೂ ಕರೆಯುವಂತಿರಲಿಲ್ಲ. ಅಪ್ಪನ ಕನ್ನಡಕ ಕಾಣದಿದ್ದರೂ ಸರಿ, ಹಾಲು ಉಕ್ಕಿದರೂ ಸರಿ, ಅವಳು ಕೆಲಸ ಮಾಡುವ ಬ್ಯಾಂಕಿನಿಂದ ಫೋನು ಬಂದರೂ ಸರಿ, ಬಾಗಿಲು ತೆರೆಯುವ ತನಕ ಕಾಯಬೇಕು. ಚಿಕ್ಕವಳಿದ್ದಾಗ ಒಮ್ಮೆ ಬಾಗಿಲು ಬಡಿದು ಚೆನ್ನಾಗಿ ಬೈಸಿಕೊಂಡಿದ್ದೆ. ಅಮ್ಮ ಬೈಯುವುದೇ ಅಪರೂಪವಾದ್ದರಿಂದ ಅದು ಇನ್ನೂ ನೆನಪಿದೆ. ತಲೆಗೆ ಬೈರಾಸು ಸುತ್ತಿಕೊಂಡು ಹೊರಗೆ ಬಂದ ಮೇಲೆ ಮಾತ್ರ ಅವಳು ನಮ್ಮ ಕೈಗೆ ಸಿಗುತ್ತಿದ್ದಳು. ಆಮೇಲೆ ಮಲಗುವ ತನಕ ಎಲ್ಲರೂ ಅವಳನ್ನು ಕರೆಯುವವರೇ.

ನಾವು ಕಾಸರಗೋಡಿನವರು. ಅಮ್ಮನಿಗೆ ಕೊಚ್ಚಿಗೆ ವರ್ಗವಾದಾಗ ಅಪ್ಪನೂ ತನ್ನ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಕೇಳಿಕೊಂಡು ಇಲ್ಲಿಗೆ ವರ್ಗ ಮಾಡಿಸಿಕೊಂಡರು. ಹೈಸ್ಕೂಲಿನ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಇಲ್ಲಿಯ ಪ್ಲಸ್ ಟೂನಲ್ಲಿ ಒದ್ದಾಡಿ, ಕೊನೆಗೆ ತಿರುವನಂತಪುರದ ಒಂದು ಡಿಸೈನ್ ಕಾಲೇಜು ಸೇರಿದೆ. ಮರದ ಸಣ್ಣ ಪುಟ್ಟ ಸಾಮಾನು ಮಾಡಲು ಕಲಿಸುವ ಓದು ಎಂದು ಹೇಳಿದರೆ ನೆಂಟರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅಮ್ಮ ಮಾತ್ರ, "ಅವಳಿಗೆ ಬೇಕಾದ್ದು ಅವಳು ಓದ್ತಾಳೆ, ನಿಮಗೆಂತ ಕಷ್ಟ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅಂಥವಳಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ, ಎಡಗಾಲು ಬಿದ್ದು ಹೋದವು. ಮಾತು ತೊದಲಿದರೂ ಉಳಿಯಿತು, ಬುದ್ಧಿಗೆ ಏನೂ ಆಗಲಿಲ್ಲ. ಬುದ್ಧಿ ಉಳಿದದ್ದು ದೊಡ್ಡ ಪುಣ್ಯ ಎಂದು ನೋಡಲು ಬಂದವರೆಲ್ಲ ಹೇಳಿ ಹೋದರು. ಎಲ್ಲ ಗೊತ್ತಾಗುತ್ತಾ ಹಾಗೆ ಬಿದ್ದಿರುವುದು ಯಾವ ಸೀಮೆ ಪುಣ್ಯ ಎಂದು ಅವರ ಮುಖಕ್ಕೇ ಕೇಳಬೇಕು ಅನಿಸುತ್ತಿತ್ತು. ಅಮ್ಮ ಯಾರ ಮುಂದೆಯೂ ಅಳಲಿಲ್ಲ. ಆಸ್ಪತ್ರೆಯಲ್ಲೂ ಅಳಲಿಲ್ಲ, ಮನೆಗೆ ಬಂದ ಮೇಲೂ ಅಳಲಿಲ್ಲ. "ಧೈರ್ಯವಂತೆ" ಎಂದರು. ಅವಳು ಸುಮ್ಮನೆ ಫ್ಯಾನು ನೋಡುತ್ತಿದ್ದಳು.

ಅವಳನ್ನು ನೋಡಿಕೊಳ್ಳಲು ಒಬ್ಬ ಹೋಂ ನರ್ಸ್ ಬಂದರು. ನಡುವಯಸ್ಸಿನ ಹೆಂಗಸು. ನಾವು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಬೆಳಿಗ್ಗೆ, "ಕುಳಿಕ್ಕಾಂ ಅಮ್ಮೇ," ಮೀಯೋಣ ಬಾ ಅಮ್ಮ, ಎಂದು ಮಗುವನ್ನು ಕರೆದ ಹಾಗೆ ಕರೆದು, ಎತ್ತಿ, ಬಚ್ಚಲಿಗೆ ಒಯ್ದು, ಮೀಯಿಸಿ, ಒರೆಸಿ, ಪೌಡರು ಹಾಕಿ ತಂದು ಮಲಗಿಸುತ್ತಿದ್ದರು. ಒರಟಾಗಿ ಮುಟ್ಟಿದವರಲ್ಲ, ಬೇಸರಿಸಿದವರಲ್ಲ. ಅವರಲ್ಲಿ ಒಂದು ತಪ್ಪಾದರೂ ಹುಡುಕಬೇಕೆಂದು ನಾನು ಹೊಂಚು ಹಾಕಿದ್ದೆ, ಸಿಗಲಿಲ್ಲ. ಆದರೂ ಅವರು ಆ ಮಾತು ಹೇಳಿದ ಕೂಡಲೇ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮಿಂದು ಬಂದು ಮಲಗುವ ತನಕ ತೆರೆಯುತ್ತಿರಲಿಲ್ಲ.

ಬರಬರುತ್ತಾ ಊಟ ಕಡಿಮೆಯಾಯಿತು. ಫಿಸಿಯೋಥೆರಪಿಯವರು ಬಂದರೆ ಕೈ ಕೊಡುತ್ತಿರಲಿಲ್ಲ. ಈಗ ವ್ಯಾಯಾಮ ಮಾಡದಿದ್ದರೆ ಮುಂದೆ ಮಾಡಿ ಪ್ರಯೋಜನವಿಲ್ಲ ಎಂದು ಡಾಕ್ಟರು ಅಪ್ಪನನ್ನು ಗದರಿಸಿದರು, ಅಪ್ಪ ನನ್ನನ್ನು ಗದರಿಸಿದರು, ನಾನು ಅಮ್ಮನನ್ನು ಗದರಿಸಲು ಹೋದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಬಲಗೈಯಲ್ಲಿ ಅಷ್ಟು ಬಲ ಉಳಿದಿತ್ತು.

"ಬೇರೆಯವರು ಮೀಯಿಸುದು ಶಿಶುವಿಗೆ, ಬಾಣಂತಿಗೆ, ಮತ್ತೆ ಹೆಣಕ್ಕೆ," ಎಂದಳು, ಒಂದೊಂದೇ ಶಬ್ದ ಎಳೆದು. "ಇದ್ರಲ್ಲಿ ನಾನು ಯಾವುದು, ಹೇಳು."

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ, ಅವಳು ಬಿಡಲಿಲ್ಲ.

"ನೀನು ಅಲ್ಲಿ ಸ್ಟೂಲು ಗೀಲು ಮಾಡ್ತಿಯಲ್ಲ. ನಾನೊಬ್ಬಳೇ ಮೀಯುವ ಹಾಗೆ ಒಂದು ಮಾಡಿ ಕೊಡು. ಮತ್ತೆ ನೀವು ಹೇಳಿದ ಹಾಗೆ ಕೇಳ್ತೇನೆ."

ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದರೆ, ಸಿಗುತ್ತದೆ. ಅಪ್ಪ ಮೊದಲ ವಾರದಲ್ಲೇ ತಂದಿದ್ದರು, ಅಲ್ಯೂಮಿನಿಯಂ ಕಾಲಿನ ಕುರ್ಚಿ. ಒದ್ದೆ ಟೈಲ್ಸಿನ ಮೇಲೆ ಅದು ಜಾರಿ, ಅಮ್ಮ ಎಡಕ್ಕೆ ವಾಲಿ, ಚೇಚಿ ಹಿಡಿಯದಿದ್ದರೆ ತಲೆ ಒಡೆಯುತ್ತಿತ್ತು. ಅದಾದ ಮೇಲೆ ಚೇಚಿ ಅವಳ ತೋಳು ಬಿಟ್ಟದ್ದೇ ಇಲ್ಲ. ನಮ್ಮ ಬಚ್ಚಲು ಬೇರೆ ಅಗಲ ಕಡಿಮೆ, ಉದ್ದ ಜಾಸ್ತಿ. ದೊಡ್ಡ ಕುರ್ಚಿ ಇಟ್ಟರೆ ಆಚೀಚೆ ಮನುಷ್ಯರು ನಿಲ್ಲುವ ಹಾಗಿಲ್ಲ.

ಕಾಲೇಜಿನಲ್ಲಿ ಆ ಸೆಮಿಸ್ಟರಿಗೆ ಕೊಟ್ಟ ಕೆಲಸವೂ ಅದೇ ಆಗಿತ್ತು. ಯಾರಾದರೂ ಒಬ್ಬರಿಗಾಗಿ, ಅವರಿಗೆ ಮಾತ್ರ ಹೊಂದುವ ಹಾಗೆ, ಮರದಲ್ಲಿ ಒಂದು ಸಣ್ಣ ಸಾಮಾನು ಮಾಡಬೇಕು. ಸೆಮಿಸ್ಟರು ಮುಗಿದರೆ ವರ್ಕ್‌ಶಾಪಿಗೆ ಬೀಗ. ನಮ್ಮ ವರ್ಕ್‌ಶಾಪು ಗುಡ್ಡದ ಇಳಿಜಾರಿನಲ್ಲಿರುವ ಉದ್ದನೆಯ ಶೀಟಿನ ಶೆಡ್ಡು. ಮಧ್ಯಾಹ್ನ ಒಳಗೆ ಬೇಯುತ್ತದೆ, ಮಳೆ ಬಂದರೆ ಪಕ್ಕದವರ ಮಾತು ಕೇಳುವುದಿಲ್ಲ. ಆದರೂ ಅಲ್ಲಿಯ ಮರದ ಹೊಟ್ಟಿನ ವಾಸನೆ ಮೂಗಿಗೆ ಬಡಿದರೆ ನನಗೆ ಸಮಾಧಾನ. ಆ ತಿಂಗಳುಗಳಲ್ಲಿ ಮಾತ್ರ ಆ ಸಮಾಧಾನವೂ ಕೈಕೊಟ್ಟಿತು.

ನಮ್ಮ ಸರ್ ಒಳ್ಳೆಯವರೇ, ಆದರೆ ಅವರಿಗೆ ಎಲ್ಲರೂ 'ಯೂಸರ್'. ಅಮ್ಮನಿಗಾಗಿ ಮಾಡುತ್ತೇನೆ ಎಂದಾಗ, "ಅಮ್ಮ ಅನ್ನಬೇಡ, ಯೂಸರ್ ಅನ್ನು. ಅಮ್ಮ ಅಂದರೆ ನೀನು ಸರಿಯಾಗಿ ನೋಡುವುದಿಲ್ಲ," ಎಂದರು. ಆಸನದ ಎತ್ತರಕ್ಕೆ ಪಾದರಕ್ಷೆಯ ದಪ್ಪ ಸೇರಿಸಿಲ್ಲ ಎಂದು ನನ್ನ ಚಿತ್ರದ ಮೇಲೆ ಕೆಂಪು ಗೆರೆ ಎಳೆದರು. "ಬಚ್ಚಲಿಗೆ ಶೂ ಹಾಕಿಕೊಂಡು ಯಾರು ಹೋಗ್ತಾರೆ ಸರ್?" ಎಂದು ಕೇಳಿದೆ. ಕ್ಲಾಸೆಲ್ಲ ನಕ್ಕಿತು. ಸರ್ ಕೂಡ ನಕ್ಕು ಗೆರೆ ಒರೆಸಿದರು.

ಅಷ್ಟು ಜಾಣೆ ನಾನು. ಮನೆಗೆ ಹೋದಾಗ ಬಚ್ಚಲಿನ ಉದ್ದ, ಅಗಲ, ನಲ್ಲಿಯ ಎತ್ತರ, ನೆಲದ ಇಳಿಜಾರು ಎಲ್ಲ ಅಳೆದುಕೊಂಡಿದ್ದೆ. ಅಮ್ಮನ ಮೊಣಕಾಲಿನ ಎತ್ತರ, ತೋಳಿನ ಉದ್ದ, ಎಷ್ಟು ಬಗ್ಗಬಲ್ಲಳು ಎಂಬುದನ್ನೂ ಅಳೆದೆ. ಟೇಪು ಹಿಡಿದಾಗ ಅವಳು, "ನನ್ನನ್ನು ಮರ ಮಾಡಿದಿಯಲ್ಲ," ಎಂದು ಬಾಯಿಯ ಒಂದು ಬದಿಯಲ್ಲಿ ನಕ್ಕಳು. ಎಷ್ಟೋ ಸಮಯದ ಮೇಲೆ ನಕ್ಕದ್ದು. ಆ ನಗುವಿಗೇ ನಾನು ಉಬ್ಬಿಹೋದೆ.

ಲೆಕ್ಕಾಚಾರ ಸರಳವಾಗಿತ್ತು. ಚೇಚಿ ಅವಳನ್ನು ಕೂರಿಸುತ್ತಿದ್ದ ಹಾಗೆಯೇ ಕೂರಿಸಿದರೆ ನಲ್ಲಿ ಮತ್ತು ಬಕೆಟ್ಟು ಬಲಕ್ಕೆ, ಅಂದರೆ ಸರಿಯಿರುವ ಕೈಗೆ ಬರುತ್ತದೆ. ಬಿದ್ದುಹೋದ ಎಡಬದಿಗೆ ಗೋಡೆ ಇರುತ್ತದೆ, ವಾಲಿದರೂ ಬೀಳುವುದಿಲ್ಲ. ಬಲಕ್ಕೆ ಒಂದು ಗಟ್ಟಿ ಹಿಡಿಕೆ ಇಟ್ಟರೆ ಅದನ್ನು ಒತ್ತಿ ಎದ್ದು ನಿಲ್ಲಬಹುದು. ಮರಕ್ಕೆ ಹೆಬ್ಬಲಸು ಆರಿಸಿದೆ. ಮಲಯಾಳಿಗಳು ಆಂಞಿಲಿ ಎನ್ನುತ್ತಾರೆ, ದೋಣಿಗೆ ಹಾಕುವ ಮರ, ನೀರಿಗೆ ಹೆದರುವುದಿಲ್ಲ. ಕೊರೆದರೆ ಹಳದಿ ಹೊಟ್ಟು. ಕಾಲುಗಳನ್ನು ಸ್ವಲ್ಪ ಹೊರಕ್ಕೆ ಚಾಚಿಸಿ, ಅಡಿಗೆ ದಪ್ಪ ರಬ್ಬರು ಕಚ್ಚಿಸಿ, ನೀರು ನಿಲ್ಲದ ಹಾಗೆ ಹಲಗೆಗಳ ನಡುವೆ ಸಂದು ಬಿಟ್ಟೆ. ಅಮ್ಮನ ತೊಡೆ ತಾಗುವ ಅಂಚನ್ನೆಲ್ಲ ಕೆನ್ನೆಗೆ ಒತ್ತಿ ನೋಡಿ ಮರಳು ಕಾಗದದಿಂದ ಉಜ್ಜಿದೆ. ಸರ್ ಅದರ ಮೇಲೆ ಕೂತು, ವಾಲಿ, ಎದ್ದು, "ಇದು ಪಾಸು," ಎಂದರು.

ಆ ಶನಿವಾರವೇ ಅದನ್ನು ಹೊತ್ತುಕೊಂಡು ರೈಲು ಹತ್ತಿದೆ. ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ. ಕೊಲ್ಲಂನಲ್ಲಿ ಹತ್ತಿದ ದಪ್ಪನೆಯ ಹೆಂಗಸೊಬ್ಬರು ನನ್ನನ್ನು ನೋಡಿದರು, ಸ್ಟೂಲನ್ನು ನೋಡಿದರು, ಕೇಳದೆಯೇ ಕೂತರು. ಕಾಯಂಕುಳಂ ಬಂದರೂ ಏಳಲಿಲ್ಲ. ರೈಲು ಎಷ್ಟು ಕುಲುಕಿದರೂ ಅದು ಅಲುಗಲಿಲ್ಲ. ಇಳಿಯುವಾಗ ಅವರು, "ಎಲ್ಲಿಂದ ತಗೊಂಡೆ ಮಗಳೇ?" ಎಂದು ಕೇಳಿದರು. ನಾನೇ ಮಾಡಿದ್ದು ಎಂದೆ. ಯಾರಿಗೆ ಎಂದು ಕೇಳಿದ್ದರೆ ಅಲ್ಲೇ ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ, ಅಷ್ಟು ಖುಷಿಯಲ್ಲಿದ್ದೆ. ಎರ್ನಾಕುಳಂನಲ್ಲಿ ಇಳಿದು ಮೆಟ್ರೋದಲ್ಲಿ ನಮ್ಮ ಫ್ಲ್ಯಾಟಿರುವ ವೈಟ್ಟಿಲಕ್ಕೆ ಬರುವಾಗ ಅದನ್ನು ಮಗುವಿನ ಹಾಗೆ ಎದೆಗವಚಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ನಾನೂ ಚೇಚಿಯೂ ಅಮ್ಮನನ್ನು ಅದರ ಮೇಲೆ ಕೂರಿಸಿದೆವು. ಚೇಚಿ ಮೆಲ್ಲ ಕೈ ಬಿಟ್ಟರು. ಅಮ್ಮ ವಾಲಲಿಲ್ಲ. ಬಲಗೈ ಚಾಚಿದರೆ ಚೊಂಬು ಸಿಕ್ಕಿತು. ಈಗ ನಾವು ಹೊರಗೆ ಹೋಗಿ ಬಾಗಿಲು ಹಾಕುವುದಷ್ಟೇ ಬಾಕಿ.

ಅಮ್ಮ ಚೊಂಬನ್ನು ಕೆಳಗಿಟ್ಟಳು. ಹಿಡಿಕೆ ಹಿಡಿದು, ಸರಿಯಿರುವ ಕಾಲನ್ನು ನೆಲಕ್ಕೆ ಊರಿ, ಮೈಯನ್ನು ತಿರುಗಿಸಲು ಹೊರಟಳು. ಏನು ಮಾಡುತ್ತಿದ್ದಾಳೆಂದು ನನಗೆ ತಿಳಿಯುವ ಮೊದಲೇ ಪೃಷ್ಠ ಅಂಚಿಗೆ ಬಂದು ಜಾರಿತು. ಹೇಗೋ ಅವುಚಿ ಹಿಡಿದೆ.

"ಎಂತ ಮಾಡ್ತಿದ್ದಿ ನೀನು?" ಎಂದು ಕೂಗಿಬಿಟ್ಟೆ.

"ಆಚೆ ಮುಖ ಮಾಡಿಸು," ಎಂದಳು. "ಪಡುವಣಕ್ಕೆ ಮುಖ ಮಾಡಿ ನಾನು ಯಾವತ್ತೂ ಮಿಂದದ್ದಿಲ್ಲ."

ಅಮ್ಮನಿಗೆ ಅವಳ ಅಮ್ಮ ಕಲಿಸಿದ್ದು ಅದು. ಮೂಡಣಕ್ಕೆ ಮುಖ ಮಾಡಿ ಕೂರಬೇಕು, ಮೊದಲ ಚೊಂಬು ಸುರಿಯುವಾಗ ಮನಸ್ಸಿನಲ್ಲಿ ನದಿಗಳ ಹೆಸರು ಹೇಳಬೇಕು. ಮದುವೆಯಾಗಿ ಹೋದ ಮನೆಯಲ್ಲಿ, ವರ್ಗವಾಗಿ ಹೋದ ಊರೂರಿನ ಬಾಡಿಗೆ ಮನೆಗಳಲ್ಲಿ, ಈ ಫ್ಲ್ಯಾಟಿನಲ್ಲಿ, ಎಲ್ಲ ಕಡೆಯೂ ಮೊದಲು ದಿಕ್ಕು ನೋಡಿಕೊಂಡೇ ಅವಳು ಬಚ್ಚಲಲ್ಲಿ ಮಣೆ ಹಾಕಿದ್ದು. ನಾನು ನೆಲದ ಇಳಿಜಾರು ಅಳೆದವಳು ಇದನ್ನು ಕೇಳಲಿಲ್ಲ. ಅಮ್ಮ ಯಾವ ಕಡೆ ಮುಖ ಮಾಡಿ ಮೀಯುತ್ತಾಳೆಂದು ಯಾವ ಮಗಳಿಗೆ ಗೊತ್ತಿರುತ್ತದೆ? ಬಾಗಿಲು ಹಾಕಿರುತ್ತಿತ್ತಲ್ಲ.

ಅಂದರೆ ಚೇಚಿ ಬಂದಂದಿನಿಂದ ಅವಳನ್ನು ಬೆಳಬೆಳಿಗ್ಗೆ ಪಡುವಣಕ್ಕೆ ಕೂರಿಸಿ ಮೀಯಿಸುತ್ತಿದ್ದೆವು. ಮೊದಮೊದಲು ಅಮ್ಮ ಹೇಳಿದ್ದಳಂತೆ. ನಲ್ಲಿ ಈ ಕಡೆ ಇದೆಯಲ್ಲ ಅಮ್ಮೇ, ಸಾರಮಿಲ್ಲ, ಪರವಾಗಿಲ್ಲ ಬಿಡಿ, ಎಂದು ಚೇಚಿ ಸಮಾಧಾನ ಮಾಡಿದ್ದರಂತೆ. ಆಮೇಲೆ ಅಮ್ಮ ಕಣ್ಣು ಮುಚ್ಚಲು ಶುರು ಮಾಡಿದ್ದು.

ಸ್ಟೂಲನ್ನು ತಿರುಗಿಸಿ ನೋಡಿದೆವು. ಎಲ್ಲ ಎಡವಟ್ಟು. ಹಿಡಿಕೆ ಗೋಡೆಗೆ ಬಡಿಯಿತು, ಅದನ್ನು ಒತ್ತಲು ಕೈ ತೂರುವುದಿಲ್ಲ. ಬಿದ್ದುಹೋದ ಎಡಬದಿಗೆ ಆಸರೆಯೇ ಇಲ್ಲ. ಬಕೆಟ್ಟು ಎಡಕ್ಕೆ ಹೋಯಿತು. ಅದನ್ನು ತಂದು ಅವಳ ಮುಂದೆ ನೆಲದ ಮೇಲಿಟ್ಟರೆ ಬಗ್ಗಿದಾಗ ಎಡಕ್ಕೇ ಉರುಳುತ್ತಾಳೆ. ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ತಾಳ್ಮೆ ಮುಗಿಯಿತು.

"ದಿಕ್ಕು ಗಿಕ್ಕು ಎಂತ ಈಗ? ಮೈಮೇಲೆ ನೀರು ಬಿದ್ದರೆ ಸಾಕಲ್ವಾ?"

ಅಮ್ಮ ಚೇಚಿಯ ಕಡೆಗೆ ಕೈ ಚಾಚಿ, "ಮೀಯಿಸಿ," ಎಂದು ಮಲಯಾಳದಲ್ಲೇ ಹೇಳಿ ಕಣ್ಣು ಮುಚ್ಚಿದಳು. ಆ ದಿನ ಅವಳು ಒಂದು ತುತ್ತೂ ಉಣ್ಣಲಿಲ್ಲ. ಅಪ್ಪ ಚಮಚೆಯಲ್ಲಿ ಗಂಜಿ ಹಿಡಿದು ಕೂತು, ಬೇಡಿಕೊಂಡು, ಕೊನೆಗೆ ತಟ್ಟೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕುಕ್ಕಿ ಬಾಲ್ಕನಿಗೆ ಹೋಗಿ ನಿಂತರು. ನನ್ನ ಬಳಿ, "ಅವಳು ಹೋಗ್ಲಿಕ್ಕೆ ಹೊರಟಿದ್ದಾಳೆ ಮಾರಾಯ್ತಿ," ಎಂದರು. ನನಗೆ ಅವರ ಮೇಲೆ ಸಿಟ್ಟು ಬಂತು, ಅಮ್ಮನ ಮೇಲೆ ಬಂತು, ಮೂಡಣದ ಮೇಲೂ ಬಂತು. ಯಾರ ಮೇಲೆ ತೀರಿಸಿಕೊಳ್ಳುವುದೆಂದು ಗೊತ್ತಾಗದೆ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿದೆ.

ಮಧ್ಯಾಹ್ನ ಏನಾದರೂ ಅವಳಿಗೆ ಇಷ್ಟವಾದದ್ದು ಮಾಡೋಣವೆಂದು ತೆಂಗಿನಕಾಯಿ ಒಡೆದೆ. ಸಿಂಕಿನ ಅಡಿಯಲ್ಲಿ ಹಳೆಯ ಹೆರೆಮಣೆ ಧೂಳು ಹಿಡಿದು ಬಿದ್ದಿತ್ತು. ಅಮ್ಮ ಹಾಸಿಗೆ ಹಿಡಿದ ಮೇಲೆ ಅಪ್ಪ ಪ್ಯಾಕೆಟ್ಟಿನ ತುರಿ ತರುತ್ತಿದ್ದರು. ನೆಲದಲ್ಲಿ ಅದನ್ನಿಟ್ಟು ಕುಳಿತು ಕಾಯಿ ಹೆರೆಯಲು ಶುರು ಮಾಡಿದೆ. ಹೆರೆಮಣೆ ಗೊತ್ತಲ್ಲ, ಹಿಂದೆ ಕೂರುವ ಹಲಗೆ, ಅದರದೇ ಉದ್ದದ ಮೂತಿ ಮುಂದಕ್ಕೆ, ತುದಿಯಲ್ಲಿ ಕಬ್ಬಿಣದ ಹಲ್ಲು. ಎಷ್ಟು ಬಲ ಹಾಕಿ ಒತ್ತಿದರೂ ಅದು ಮಗುಚುವುದಿಲ್ಲ, ಏಕೆಂದರೆ ಹಿಂದೆ ನಾವೇ ಭಾರವಾಗಿ ಕೂತಿರುತ್ತೇವೆ. ಕೆಲಸ ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ನಮ್ಮ ಮುಂದೆಯೇ ನಡೆಯುತ್ತದೆ.

ಅರ್ಧ ಕಾಯಿ ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೋಗಿ ಬಚ್ಚಲಿನ ಬಾಗಿಲಲ್ಲಿ ನಿಂತೆ. ಸ್ಟೂಲಿಗೂ ಹೀಗೇ ಒಂದು ಮೂತಿ ಕೊಟ್ಟರೆ? ಆಸನದ ಹಲಗೆಯ ಅಡಿಯಿಂದಲೇ ಮುಂದಕ್ಕೆ ಒಂದು ಉದ್ದದ ಹಲಗೆ, ಅದರ ತುದಿಗೆ ಎರಡು ಗಿಡ್ಡ ಕಾಲು, ಮೊಣಕಾಲಿನ ಮಟ್ಟದಲ್ಲಿ ಬಕೆಟ್ಟು ಕೂರುವ ಹಾಗೆ ಒಂದು ದುಂಡನೆಯ ಕುಳಿ. ಅಮ್ಮ ಕೂತ ಭಾರಕ್ಕೆ ಬಕೆಟ್ಟು ಅಲುಗುವುದಿಲ್ಲ. ಬಗ್ಗುವುದೂ ಬೇಡ. ಹಿಡಿಕೆಯನ್ನು ಬಿಚ್ಚಿ ಎಡಕ್ಕೆ ಹಾಕಿ ಎದೆಯ ತನಕ ಏರಿಸಿದರೆ ಎಡಬದಿಗೆ ಗೋಡೆ ಬೇಡ. ಎದ್ದು ನಿಲ್ಲಲು ಆಸನವನ್ನೇ ಬಲಕ್ಕೆ ಒಂದು ಅಂಗೈಯಷ್ಟು ಅಗಲ ಬಿಟ್ಟರಾಯಿತು. ಆಮೇಲೆ ಅವಳು ಯಾವ ದಿಕ್ಕಿಗಾದರೂ ಮುಖ ಮಾಡಲಿ.

ಸಂಜೆಯ ರೈಲಿಗೇ ಸ್ಟೂಲನ್ನು ಹೊತ್ತುಕೊಂಡು ಮರಳಿದೆ.

ವರ್ಕ್‌ಶಾಪು ಮುಚ್ಚುವ ದಿನ ಹತ್ತಿರವಿತ್ತು. ಪಾಸಾದ ಕೆಲಸವನ್ನು ಗರಗಸದ ಬಾಯಿಗೆ ಕೊಡುತ್ತೇನೆಂದಾಗ ಸರ್ ಹುಬ್ಬೇರಿಸಿದರು. "ಯೂಸರ್ ಪೂರ್ವಕ್ಕೆ ಮುಖ ಮಾಡಬೇಕಂತೆ ಸರ್," ಎಂದೆ. ವ್ಯಂಗ್ಯವಾಗಿ ಹೇಳಲು ಹೋಗಿದ್ದೆ, ಬೇಡಿಕೊಂಡ ಹಾಗೆ ಕೇಳಿಸಿತು. ಅವರು ಯಂತ್ರದ ಕೀಲಿ ಕೈಗೆ ಕೊಟ್ಟರು.

ಅವಸರದ ಕೈಗೆ ಮರ ಒಲಿಯಲಿಲ್ಲ. ಒಣಗಿದ ಹೆಬ್ಬಲಸಿನಲ್ಲಿ ನನ್ನ ಪಾಲಿಗೆ ಉಳಿದದ್ದು ಒಂದೇ ಹಲಗೆ. ಅದರಲ್ಲಿ ಬಕೆಟ್ಟಿನ ಕುಳಿ ತೋಡಿ, ಗಿಡ್ಡ ಕಾಲುಗಳಿಗೆ ತೂತು ಕೊರೆದು, ಕಾಲಿನ ತುದಿ ಕೂರಿಸಿ ಕೊಡತಿಯಿಂದ ಬಡಿಯುತ್ತಿದ್ದೆ. ಸ್ವಲ್ಪ ಬಿಗಿ ಇತ್ತು. ಉಳಿಯಿಂದ ಇನ್ನೊಂದಿಷ್ಟು ಕೆತ್ತಬೇಕೆಂದು ಗೊತ್ತಿತ್ತು. ಆದರೆ ಮಧ್ಯಾಹ್ನ ಅಪ್ಪ ಫೋನು ಮಾಡಿ, ಅಮ್ಮ ನೀರನ್ನೂ ಬೇಡ ಎನ್ನುತ್ತಿದ್ದಾಳೆ, ನಾಳೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾದೀತು ಎಂದಿದ್ದರು. ಬಡಿದೆ. ಹಲಗೆ ಉದ್ದಕ್ಕೆ ಸೀಳಿತು.

ಆ ಸದ್ದು ನನಗೆ ಈಗಲೂ ಕೇಳುತ್ತದೆ. ನಾನು ಅಲ್ಲೇ ಹೊಟ್ಟಿನ ರಾಶಿಯ ಮೇಲೆ ಕೂತುಬಿಟ್ಟೆ. ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಿದ್ದೂ ಅತ್ತೆ. ಮುಖಕ್ಕೆಲ್ಲ ಹಳದಿ ಹೊಟ್ಟು ಮೆತ್ತಿಕೊಂಡಿತು. ಅಮ್ಮ ಸಾಯುತ್ತಾಳೆ, ಪಡುವಣಕ್ಕೆ ಮುಖ ಮಾಡಿಯೇ ಸಾಯುತ್ತಾಳೆ ಎಂದು ಕನ್ನಡದಲ್ಲಿ ಹೇಳಿಕೊಂಡು ಅಳುತ್ತಿದ್ದೆ. ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವಳು ಕೊಚ್ಚಿ ಪಕ್ಕದ ಏಲೂರಿನ ಗೆಳತಿ. ಅವಳ ಅಪ್ಪ ಅಲ್ಲಿಯ ಗೊಬ್ಬರದ ಕಾರ್ಖಾನೆಯಲ್ಲಿದ್ದರು. ಮಾತು ಕಡಿಮೆ, ಬಂದರೆ ಚೂಪು. ಅವಳು ತನ್ನ ಟೀಪಾಯಿಗೆಂದು ಎತ್ತಿಟ್ಟುಕೊಂಡಿದ್ದ ಹೆಬ್ಬಲಸಿನ ಹಲಗೆಯನ್ನು ತಂದು ನನ್ನ ಮೇಜಿನ ಮೇಲೆ ಹಾಕಿದಳು.

"ನಿನ್ನದಕ್ಕೆ ಏನು ಮಾಡ್ತಿ?" ಎಂದು ಕೇಳಿದೆ.

"ನನ್ನ ಟೀಪಾಯಿ ಗಿಡ್ಡ ಆದರೆ ಯಾರೂ ಸಾಯುವುದಿಲ್ಲ," ಎಂದಳು ಮಲಯಾಳದಲ್ಲಿ. "ಏಳು, ನಾನು ಹಿಡಿದುಕೊಳ್ತೇನೆ, ನೀನು ಕೊರಿ."

ಇಬ್ಬರೂ ಸೇರಿ ಮಾಡಿದೆವು. ಈ ಸಲ ತೂತಿಗೆ ಕಾಲು ಕೈಯಿಂದ ಒತ್ತಿದರೇ ಇಳಿಯುವ ತನಕ ಕೆತ್ತಿದೆ. ಅಂಟು ಒಣಗುವ ತನಕ ಕಾಯುವುದೇ ದೊಡ್ಡ ಶಿಕ್ಷೆಯಾಗಿತ್ತು. ಪರೀಕ್ಷೆಗೆ ಹೊರಗಿನಿಂದ ಬಂದವರು ಅದರ ಸುತ್ತ ಒಂದು ಸುತ್ತು ಬಂದು, ಇದು ಏನೆಂದೇ ತಿಳಿಯುವುದಿಲ್ಲವಲ್ಲ, ಒಂದು ಕಡೆ ಎತ್ತರ, ಒಂದು ಕಡೆ ಅಗಲ, ಮುಂದೆ ಬಾಲ ಎಂದರು. ನೋಡಲು ಚಂದವಿಲ್ಲ ಎಂಬುದು ನಿಜ. ನಾನು ವಾದ ಮಾಡಲಿಲ್ಲ. ಯಾವಾಗ ಬಿಡುತ್ತಾರೆ, ಯಾವ ರೈಲು ಸಿಗುತ್ತದೆ ಎಂಬುದರ ಮೇಲೆಯೇ ಗಮನವಿತ್ತು.

ಅಮ್ಮ ಅಷ್ಟರಲ್ಲಿ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಬಂದಿದ್ದಳು. ಕೆನ್ನೆ ಒಳಗೆ ಹೋಗಿತ್ತು. ನಾನು ಮಾಡಿದ್ದನ್ನು ಮಂಚದ ಪಕ್ಕದಲ್ಲಿಟ್ಟೆ. ಅವಳು ಬಲಗೈಯಿಂದ ಅದರ ಮೂತಿಯನ್ನು ತಡವಿದಳು, ಕುಳಿಯ ಸುತ್ತ ಬೆರಳಾಡಿಸಿದಳು.

"ಹೆರೆಮಣೆ," ಎಂದಳು.

"ಹೌದು."

"ಕಾಲು ಬಂದ ಹೆರೆಮಣೆ." ಬಾಯಿಯ ಬದಿ ಸ್ವಲ್ಪ ಎಳೆದ ಹಾಗಾಯಿತು. ನಗುವೋ ಅಲ್ಲವೋ ಹೇಳಲಾರೆ.

ಮರುದಿನ ಬೆಳಿಗ್ಗೆ ಅದನ್ನು ಬಚ್ಚಲಲ್ಲಿ ಮೂಡಣಕ್ಕೆ ಮುಖ ಮಾಡಿ ಇಟ್ಟೆ. ಅಮ್ಮನನ್ನು ಕೂರಿಸಿದೆವು. ಬಕೆಟ್ಟು ಕುಳಿಯಲ್ಲಿ ಕೂತಿತು, ಬೆಚ್ಚಗಿನ ನೀರು ತುಂಬಿಸಿದೆವು. ಅಮ್ಮ ಎಡಕ್ಕೆ ವಾಲಿ ನೋಡಿದಳು, ಎದೆಮಟ್ಟದ ಹಿಡಿಕೆ ತಡೆಯಿತು. ಚೊಂಬು ಅದ್ದಿದಳು, ಎತ್ತಿದಳು. ಬಕೆಟ್ಟು ಅಲುಗಲಿಲ್ಲ. ಬಲಕ್ಕೆ ಅಂಗೈ ಊರಿ ಮೈಯನ್ನು ಒಂದಿಷ್ಟು ಮೇಲೆತ್ತಿ ಮತ್ತೆ ಕೂತಳು. ಎಲ್ಲವನ್ನೂ ಅವಳೇ ಒಮ್ಮೆ ಪರೀಕ್ಷೆ ಮಾಡಿ, ನಮ್ಮನ್ನು ನೋಡಿದಳು.

"ಹೋಗಿ. ಬಾಗಿಲು ಹಾಕಿ."

"ಅದು ಮಾತ್ರ ಆಗ್ಲಿಕ್ಕಿಲ್ಲ," ಎಂದರು ಅಪ್ಪ. "ಬಿದ್ದರೆ?"

"ಹಾಕಿ."

ಚಿಲಕ ಹಾಕುವುದಿಲ್ಲ, ಬಾಗಿಲು ಮಾತ್ರ ಮುಚ್ಚುತ್ತೇವೆ ಎಂದು ಒಪ್ಪಂದವಾಯಿತು. ನಾನು, ಅಪ್ಪ, ಚೇಚಿ ಹೊರಗೆ ಗೋಡೆಗೆ ಒರಗಿ ನಿಂತೆವು. ಒಳಗೆ ಮೊದಲ ಚೊಂಬು ಸುರಿದ ಸದ್ದು ಕೇಳಿತು. ನದಿಗಳ ಹೆಸರು ಹೇಳುತ್ತಿದ್ದಾಳೆ ಎಂದುಕೊಂಡೆ. ಎರಡನೆಯದು, ಮೂರನೆಯದು. ಅಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟರು. ನಾನು ಗೆದ್ದೆ ಅನಿಸಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ನೀರಿನ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು ಕೇಳಿತು. ಮೊದಲು ಕೆಮ್ಮು ಅಂದುಕೊಂಡೆ. ಕೆಮ್ಮಲ್ಲ. ಅಮ್ಮ ಅಳುತ್ತಿದ್ದಳು. ಬಿಕ್ಕುವುದಲ್ಲ, ಬಾಯಿ ತೆರೆದು, ಹೊಟ್ಟೆಯಿಂದ, ಕೊಯ್ಯುವ ಹಾಗೆ ಅಳುತ್ತಿದ್ದಳು. ಅಳು ಏರಿದಾಗಲೆಲ್ಲ ಅದನ್ನು ಮುಚ್ಚುವ ಹಾಗೆ ಚೊಂಬಿನ ನೀರು ಧೊಪ್ಪೆಂದು ಬೀಳುತ್ತಿತ್ತು. ಅದು ಮೈಮೇಲೆ ಬೀಳುವ ಸದ್ದಾಗಿರಲಿಲ್ಲ, ಟೈಲ್ಸಿನ ಮೇಲೆ ಬೀಳುವ ಸದ್ದು. ಕಾಯಿಲೆ ಬಿದ್ದ ದಿನದಿಂದ ಆ ತನಕ ಅವಳನ್ನು ನಾವು ಒಂದು ಗಳಿಗೆಯೂ ಒಬ್ಬಳನ್ನೇ ಬಿಟ್ಟಿರಲಿಲ್ಲ.

ಅಪ್ಪ ಬಾಗಿಲಿಗೆ ಕೈ ಹಾಕಿದರು. ನಾನು ಅಡ್ಡ ನಿಂತೆ.

"ಅಳ್ತಾ ಇದ್ದಾಳೆ," ಎಂದರು ಅಪ್ಪ, ನನಗೆ ಕೇಳುವುದಿಲ್ಲವೇನೋ ಎಂಬ ಹಾಗೆ.

"ಮೀತಾ ಇದ್ದಾಳೆ ಅಪ್ಪ," ಎಂದೆ. "ಕರೀಬೇಡಿ."

ಬಕೆಟ್ಟು ಖಾಲಿಯಾಗುವ ತನಕ ನಾವು ಹಾಗೆಯೇ ನಿಂತಿದ್ದೆವು. ಚೊಂಬು ತಳಕ್ಕೆ ತಾಗಿ ಕೆರೆಯಿತು. ಆಮೇಲೆ ಅವಳು ನನ್ನನ್ನು ಕರೆದಳು.

ಬಾಗಿಲು ತೆರೆದೆ. ಮೂಡಣದ ಗೋಡೆಯ ಸಣ್ಣ ಕಿಟಕಿಯ ಬೆಳಕು ಅವಳ ಮುಖಕ್ಕೆ ಬಿದ್ದಿತ್ತು. ಕಣ್ಣು ಕೆಂಪಾಗಿ ಊದಿತ್ತು, ಕಣ್ಣು ತೆರೆದೇ ಇತ್ತು. ನೆಲವೆಲ್ಲ ನೀರು. ಪಾದ ಬಿಟ್ಟರೆ ಮೈ ಒದ್ದೆಯಾಗಿರಲಿಲ್ಲ. ತಲೆಗೂದಲು ಒಣಗಿಯೇ ಇತ್ತು. ನನ್ನ ಹಿಂದೆ ಬಂದ ಚೇಚಿ ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಕೈ ಅದುಮಿದೆ.

"ಮಿಂದಾಯ್ತಾ ಅಮ್ಮ?" ಎಂದು ಕೇಳಿದೆ.

"ಆಯ್ತು," ಎಂದಳು.

ಬೈರಾಸು ತಂದೆ. ಅವಳ ತಲೆ ಒರೆಸಿದೆ, ತೋಳು ಒರೆಸಿದೆ, ಮುಂದಕ್ಕೆ ಬಾಗಿಸಿ ಒಣಗಿದ ಬೆನ್ನನ್ನೂ ಒರೆಸಿದೆ.